ಎರಡು ಹೆಸರಿನ ಗಾಜುಗಪ್ಪೆ

ಸುಮೇಧಾ ಹುಟ್ಟಿ ಬೆಳೆದದ್ದೆಲ್ಲ ನಾಗಪುರದಲ್ಲೇ. ಅವಳ ಅಪ್ಪ ಗುಳೇದಗುಡ್ಡದಿಂದ ಕೇಂದ್ರ ಸರ್ಕಾರದ ಕಚೇರಿಯೊಂದಕ್ಕೆ ಗುಮಾಸ್ತರಾಗಿ ಬಂದವರು. ಬರುವ ವರ್ಷ ವರ್ಗ ಮಾಡಿಸಿಕೊಂಡು ಊರಿಗೆ ಹೋಗಿಬಿಡೋಣ ಅನ್ನುತ್ತಲೇ ಇಲ್ಲೇ ನಿವೃತ್ತರಾದರು, ಇಲ್ಲೇ ತೀರಿಕೊಂಡರು. ಮನೆಯೊಳಗೆ ಗುಳೇದಗುಡ್ಡದ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ, ಬಸ್ಸು ಹತ್ತಿದರೆ ಹಿಂದಿ. “ಮೂರ್ ಭಾಷಾದಾಗೂ ವಾದಾ ಮಾಡ್ತಾಳ, ಒಂದರಾಗೂ ಸೋಲೂದಿಲ್ಲ” ಎಂದು ಅವ್ವ ಜಯಾ ಮಗಳ ಬಗ್ಗೆ ಅರ್ಧ ಹೆಮ್ಮೆ, ಅರ್ಧ ಬೇಸರದಿಂದ ಹೇಳುತ್ತಿದ್ದಳು.

ಈಗ ಸುಮೇಧಾಳಿಗೆ ನಲವತ್ತು ದಾಟಿದೆ. ಸದರ್ ಬಡಾವಣೆಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಾಳೆ. ಗಂಡ ಶಾಮ ವಿಮಾನ ನಿಲ್ದಾಣದ ಪಕ್ಕದ ಮಿಹಾನ್‌ನಲ್ಲಿ ವಿಮಾನ ರಿಪೇರಿಯ ಕೆಲಸದಲ್ಲಿದ್ದಾನೆ. ಬೆಳಗಾಗುತ್ತಲೇ ಕಂಪನಿಯ ಕ್ಯಾಬು ಬಂದು ಅವನನ್ನು ಹೊತ್ತೊಯ್ಯುತ್ತದೆ. ಅವ್ವ ಇವರ ಜೊತೆಗೇ ಇದ್ದಾಳೆ, ಅಡುಗೆಮನೆಯ ಅಧಿಕಾರ ಇನ್ನೂ ಅವಳದೇ.

ಸುಮೇಧಾಳ ಬದುಕಿಗೆ ಕಪ್ಪೆ ಅಂಟಿಕೊಂಡದ್ದು ಗುಂಡಪ್ಪ ಮೇಷ್ಟ್ರಿಂದ. ಮೈಸೂರು ಕಡೆಯವರು, ನಾಗಪುರಕ್ಕೆ ಪಾಠ ಹೇಳಲು ಬಂದು ಇಲ್ಲಿನ ಬಿಸಿಲನ್ನೇ ಒಗ್ಗಿಸಿಕೊಂಡವರು. ಅವಳು ಎಂ.ಎಸ್ಸಿ. ಓದುತ್ತಿದ್ದಾಗ ಒಂದು ಮಳೆಗಾಲದ ಸಂಜೆ ವಿದ್ಯಾರ್ಥಿಗಳನ್ನು ರಾಮಟೇಕದ ಆಚೆಯ ಗುಡ್ಡದಲ್ಲಿ ಹರಿಯುವ ಸೀತಾಝಿರಿ ಎಂಬ ಹಳ್ಳಕ್ಕೆ ಕರೆದುಕೊಂಡು ಹೋದರು. ಹೆಬ್ಬೆರಳಿನ ಉಗುರಿನಷ್ಟೇ ಇದ್ದ ಕಪ್ಪೆಯೊಂದನ್ನು ಹಿಡಿದು, ಕಿಟಕಿಗಾಜಿನ ತುಂಡಿನ ಮೇಲೆ ಕೂರಿಸಿ, ಅವಳ ತಲೆಗಿಂತ ಮೇಲೆತ್ತಿ ಹಿಡಿದರು.

“ಕೆಳಗಿಂದ ನೋಡಮ್ಮ.”

ನೋಡಿದಳು. ಕಪ್ಪೆಯ ಹೊಟ್ಟೆಯ ಚರ್ಮ ನೀರಿನ ಪೊರೆಯಂತೆ ತೆಳ್ಳಗಿತ್ತು. ಅದರೊಳಗೆ ಕುಂಕುಮದ ಚುಕ್ಕೆಯಷ್ಟು ಹೃದಯ ಬಡಬಡ ಬಡಿದುಕೊಳ್ಳುತ್ತಿತ್ತು.

“ದಕ್ಷಿಣ ಅಮೆರಿಕದಲ್ಲಿ ಗಾಜುಗಪ್ಪೆ ಅಂತ ಇವೆ. ಇದು ಅವುಗಳ ನೆಂಟ ಅಲ್ಲ. ಆದ್ರೆ ಹೊಟ್ಟೆ ಮಾತ್ರ ಅದೇ ಥರ. ಊರಿನವರು ಇದನ್ನ ಕಾಚ್ ಬೇಡಕಿ ಅಂತಾರೆ. ನಾನೂ ಹಾಗೇ ಗಾಜುಗಪ್ಪೆ ಅಂತೀನಿ” ಎಂದರು ಮೇಷ್ಟ್ರು. ಆ ಕಪ್ಪೆಯನ್ನು ಮೊದಲು ಗುರುತಿಸಿ, ವಿಜ್ಞಾನದಲ್ಲಿ ಅದಕ್ಕೊಂದು ಹೆಸರಿಟ್ಟವರೂ ಅವರೇ. ಅದನ್ನು ತಾವಾಗಿ ಹೇಳಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಬೇರೆ ಯಾರೋ ಹೇಳಿದ ಮೇಲೆ ಅವಳಿಗೆ ಗೊತ್ತಾಯಿತು.

ಅದಾಗಿ ಬಹಳ ವರ್ಷಗಳ ಮೇಲೆ ಪ್ರೀತಮ್ ಪೊನ್ನಪ್ಪ ಎಂಬ ಯುವ ವಿಜ್ಞಾನಿ ಇನ್ನೊಂದು ಗಾಜುಗಪ್ಪೆಯನ್ನು ಲೋಕಕ್ಕೆ ಪರಿಚಯಿಸಿದ. ಕೊಡಗಿನ ಮನೆತನದವನು, ತಂದೆ ಸೈನ್ಯದಲ್ಲಿದ್ದು ನಾಗಪುರದ ಪಕ್ಕದ ಕಾಮ್ಟಿಯಲ್ಲಿ ನೆಲೆ ನಿಂತವರು. ಹುಡುಗ ಕಂಟೋನ್ಮೆಂಟುಗಳಲ್ಲೇ ಬೆಳೆದ. ಅವನಿಗೆ ತನ್ನ ಕಪ್ಪೆ ಸಿಕ್ಕಿದ್ದು ಉತ್ತರದ ಸಾತ್ಪುಡಾ ಬೆಟ್ಟಗಳ ಜಾಮುನ್‌ಖೋರಾ ಎಂಬ ತೊರೆಯಲ್ಲಿ. ಅದು ಗುಂಡಪ್ಪನವರ ಕಪ್ಪೆಗಿಂತ ಮೂರು ವಿಷಯದಲ್ಲಿ ಬೇರೆ ಎಂದು ಅವನು ಬರೆದ. ರಾಮಟೇಕದ ಕಪ್ಪೆಯ ಬೆನ್ನು ನುಣುಪು, ಇದರದು ಉಬ್ಬುಉಬ್ಬಾದ ಚರ್ಮ. ಅದರ ಕೂಗು ಚುರುಕು, ಇದರದು ನಿಧಾನ. ಮತ್ತೆ, ಇದರ ಬೆನ್ನಿನ ನಟ್ಟನಡುವೆ ಮೂಗಿನಿಂದ ಹಿಂದಿನವರೆಗೆ ಒಂದು ಬಿಳಿ ಗೆರೆ. ರಾಮಟೇಕದ ಕಪ್ಪೆಗೆ ಗೆರೆಯೇ ಇಲ್ಲ.

ಇಷ್ಟಕ್ಕೇ ಮುಗಿಯಲಿಲ್ಲ. ಗುಂಡಪ್ಪನವರು ಹೆಸರಿಡುವಾಗ ಸಂಗ್ರಹಾಲಯದಲ್ಲಿ ಇಟ್ಟಿದ್ದ ಮೂಲ ಕಪ್ಪೆಯ ಬಾಟಲಿಯ ಮುಚ್ಚಳ ಯಾವ ಕಾಲದಲ್ಲೋ ಸಡಿಲಾಗಿ, ಸ್ಪಿರಿಟ್ಟೆಲ್ಲ ಆರಿ, ಒಳಗೆ ಕಪ್ಪು ಚಕ್ಕೆಯೊಂದು ಉಳಿದಿತ್ತು. ಹಳ್ಳದಲ್ಲೂ ಆ ಕಪ್ಪೆಯನ್ನು ಕಂಡವರು ಇತ್ತೀಚೆಗೆ ಯಾರೂ ಇರಲಿಲ್ಲ. ಹಾಗಾಗಿ ಹಳೆಯ ಹೆಸರು ಅನುಮಾನದ್ದು ಎಂದು ಬಲ್ಲವರು ಮಾತಾಡತೊಡಗಿದರು.

ನಗರದಲ್ಲಿ ನಡೆದ ಒಂದು ವಿಚಾರಗೋಷ್ಠಿಯಲ್ಲಿ ಪ್ರೀತಮ್ ತನ್ನ ಕಪ್ಪೆಯ ಚಿತ್ರಗಳನ್ನು ತೋರಿಸಿದ. ಹಿಂದಿನ ಸಾಲಿನಿಂದ ಯಾರೋ, “ಗುಂಡಪ್ಪನವರು ಕಂಡದ್ದು ಕಪ್ಪೆಯೋ ಕನಸೋ” ಎಂದು ಮರಾಠಿಯಲ್ಲಿ ಗೇಲಿ ಮಾಡಿದರು. ಸಭೆ ನಕ್ಕಿತು. ಸುಮೇಧಾ ಎದ್ದು ನಿಂತಳು.

“ಎರಡೂ ಒಂದೇ ಕಪ್ಪೆ” ಎಂದಳು.

ಪ್ರೀತಮ್ ಕೊಂಕಿಲ್ಲದೆ ಕೇಳಿದ: “ಆಗಿರಬಹುದು ಮೇಡಂ. ಲೇಕಿನ್ ಸಬೂತ್ ಏನಿದೆ?”

ಪುರಾವೆ ಅವಳಲ್ಲಿ ಇರಲಿಲ್ಲ. ಇದ್ದದ್ದು ಮೇಷ್ಟ್ರ ಮೇಲಿನ ಅಭಿಮಾನ ಮಾತ್ರ. ಮುಖ ಕೆಂಪಗಾಗಿ ಕೂತಳು. ಮೂರು ಭಾಷೆಯಲ್ಲೂ ಸೋಲದವಳಿಗೆ ಅಂದು ಯಾವ ಭಾಷೆಯೂ ಕೈಹಿಡಿಯಲಿಲ್ಲ.

ಮರುದಿನ ನೇರ ಗುಂಡಪ್ಪನವರ ಮನೆಗೆ ಹೋದಳು. ಎಂಬತ್ತರ ಮೇಲಿನ ಮುದುಕರು ವರಾಂಡದಲ್ಲಿ ಕೂತು ಕಿತ್ತಳೆ ಸುಲಿಯುತ್ತಿದ್ದರು. ನಡೆದದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿ, “ಸರ, ಎರಡೂ ಒಂದೇ ಅಂತ ನಾ ತೋರಿಸೇ ತೋರಸ್ತೀನ್ರಿ” ಎಂದಳು.

ಅವರು ಅರ್ಧ ಕಿತ್ತಳೆ ಅವಳ ಕೈಗಿಟ್ಟರು.

“ತಪ್ಪು ದಾರಿ ಹಿಡೀತಿದ್ದೀಯ. ಒಂದೇ ಅಂತ ತೋರಿಸೋಕೆ ಹೋಗ್ಬೇಡ. ಒಂದಾ ಎರಡಾ ಅಂತ ಕೇಳೋಕೆ ಹೋಗು. ಎರಡು ಅಂತ ಗೊತ್ತಾದ್ರೆ ಬಂದು ನನ್ನೆದುರಿಗೇ ಹೇಳು. ನಾನೇನು ಅಳೋನಲ್ಲ.”

“ಮತ್ತ ನಿಮ್ಮ ಹೆಸರು?”

“ಹೆಸರು ಇಟ್ಟೋನು ನಾನು. ಅದನ್ನ ಹೊತ್ತುಕೊಂಡು ಬದುಕಬೇಕಾಗಿರೋದು ಕಪ್ಪೆ. ಅದನ್ನೇ ಕೇಳು.”

ಹಾಗೆ ಶುರುವಾಯಿತು. ಅರಣ್ಯ ಇಲಾಖೆಯ ಪರವಾನಗಿ ಪಡೆದು, ರಜೆ ಸಿಕ್ಕಾಗಲೆಲ್ಲ ಸೀತಾಝಿರಿಗೆ ಹೋದಳು. ಮೊದಲ ಮಳೆಗಾಲ ಪೂರ್ತಿ ಬರಿಗೈ. ಏಡಿ ಸಿಕ್ಕಿತು, ಜಿಗಣೆ ಸಿಕ್ಕಿತು, ಒಮ್ಮೆ ಜಾರಿಬಿದ್ದು ಮೊಣಕಾಲೂ ತರಚಿಕೊಂಡಿತು. ಕಪ್ಪೆ ಮಾತ್ರ ಇಲ್ಲ. ಊರಿನವರು ಹಳ್ಳದ ಕೆಳಭಾಗದಲ್ಲಿ ಈಗ ಬಟ್ಟೆ ಒಗೆಯುತ್ತಾರೆ, ಸೋಪಿನ ನೀರಿಗೆ ಬೇಡಕಿ ನಿಲ್ಲುವುದುಂಟೆ ಎಂದರು. ಎರಡನೆಯ ಮಳೆಗಾಲದಲ್ಲಿ ಅವಳು ಕೆಳಗೆ ಹುಡುಕುವುದನ್ನು ಬಿಟ್ಟು, ಬಂಡೆ ಹಿಡಿದು ಹಳ್ಳದ ಹುಟ್ಟಿನವರೆಗೆ ಹತ್ತಿದಳು. ಅಲ್ಲಿ, ನೀರು ಜಿನುಗುವ ಕಲ್ಲಿನ ಸಂದಿಯ ಪಾಚಿಯ ಮೇಲೆ, ಅದು ಕೂತಿತ್ತು. ಇನ್ನೊಂದು. ಪಕ್ಕದ ಎಲೆಯ ಮೇಲೆ ಮತ್ತೊಂದು. ಸುಮೇಧಾ ಬಂಡೆಗೆ ಒರಗಿ ಗಟ್ಟಿಯಾಗಿ ನಕ್ಕುಬಿಟ್ಟಳು. ಜೊತೆಗೆ ಬಂದಿದ್ದ ಶಾಮ ಕೆಳಗಿನಿಂದ, “ಏನಾತ? ಬಿದ್ಯೇನ?” ಎಂದು ಕೂಗಿದ.

“ಬಿದ್ದಿಲ್ಲ, ಸಿಕ್ಕಾವು! ಜಲ್ದಿ ಬಾ!”

ಅವನು ಹತ್ತಿ ಬರುವಷ್ಟರಲ್ಲಿ ಅವಳ ನಗು ನಿಂತಿತ್ತು. ಕೈಯಲ್ಲಿದ್ದ ಕಪ್ಪೆಯ ಬೆನ್ನು ಉಬ್ಬುಉಬ್ಬಾಗಿತ್ತು, ಸಣ್ಣ ಸಾಬೂದಾಣಿ ಅಂಟಿಸಿದ ಹಾಗೆ. ಮೇಷ್ಟ್ರು ನುಣುಪು ಎಂದು ಬರೆದಿದ್ದರಲ್ಲ? ಚಿತ್ರ ತೆಗೆಯೋಣವೆಂದು ಅದನ್ನು ಗಾಜಿನ ಡಬ್ಬಿಗೆ ಹಾಕಿ, ಕ್ಯಾಮೆರಾ ಒರೆಸಿ, ಮತ್ತೆ ನೋಡುತ್ತಾಳೆ, ಬೆನ್ನು ನುಣ್ಣಗೆ! ಬೇರೆ ಕಪ್ಪೆಯೇನೋ ಎಂದು ಡಬ್ಬಿಯ ಸುತ್ತ ತಡಕಾಡಿದಳು. ಅದೇ ಕಪ್ಪೆ. ತಿರುಗಿ ಪಾಚಿಯ ಮೇಲೆ ಬಿಟ್ಟು ಕಾದಳು. ಮೆಲ್ಲಮೆಲ್ಲಗೆ ಉಬ್ಬುಗಳು ಎದ್ದವು. ಪಾಚಿಯ ಮೇಲಿದ್ದಾಗ ಪಾಚಿಯಂತೆ ಕಾಣಲು ಅದು ಚರ್ಮವನ್ನೇ ಉಬ್ಬಿಸಿಕೊಳ್ಳುತ್ತಿತ್ತು. ಗುಂಡಪ್ಪನವರು ತಮ್ಮ ಕಪ್ಪೆಯನ್ನು ಗಾಜಿನ ಮೇಲಿಟ್ಟು ವರ್ಣಿಸಿದ್ದರು, ಪ್ರೀತಮ್ ತನ್ನದನ್ನು ಪಾಚಿಯ ಮೇಲೆ ಕಂಡಂತೆ ವರ್ಣಿಸಿದ್ದ. ಇಬ್ಬರೂ ಕಂಡದ್ದನ್ನೇ ಬರೆದಿದ್ದರು.

ಒಂದು ವ್ಯತ್ಯಾಸ ಬಿದ್ದುಹೋಯಿತು.

ಎರಡನೆಯದು ಬೀಳಲು ಆಗಸ್ಟ್ ಬರಬೇಕಾಯಿತು. ವಾರಗಟ್ಟಲೆ ಕೂಗು ಧ್ವನಿಮುದ್ರಿಸಿಕೊಂಡಳು. ಬಿಸಿಲು ಕಂಡ ದಿನದ ಸಂಜೆ ಕಪ್ಪೆಗಳು ಚುರುಕಾಗಿ, ಹುರಿಯುವ ಸಾಸಿವೆಯಂತೆ ಚಟಪಟ ಕೂಗುತ್ತಿದ್ದವು. ಜಡಿಮಳೆ ಹಿಡಿದು ಗುಡ್ಡವೆಲ್ಲ ತಣ್ಣಗಾದಾಗ ಅದೇ ಕಪ್ಪೆಗಳು ಒಂದೊಂದೇ ಸೊಲ್ಲನ್ನು ತಡೆತಡೆದು ಕೂಗಿದವು. ಪ್ರೀತಮ್ ಧ್ವನಿಮುದ್ರಿಸಿದ ಬೆಟ್ಟ ಎತ್ತರದ್ದು, ಸದಾ ತಂಪು. ಕೂಗು ಬೇರೆಯಾದದ್ದು ಚಳಿಯಿಂದ.

ಆದರೆ ಬಿಳಿ ಗೆರೆ? ಸೀತಾಝಿರಿಯಲ್ಲಿ ಕಂಡ ಒಂದು ಕಪ್ಪೆಗೂ ಗೆರೆ ಇರಲಿಲ್ಲ. ಗೆರೆ ಚಳಿಗೆ ಹುಟ್ಟುವುದಿಲ್ಲ, ಪಾಚಿ ಕಂಡು ಮೂಡುವುದಿಲ್ಲ. ಸುಮೇಧಾ ಚಳಿಗಾಲವೆಲ್ಲ ಆ ಚಿತ್ರಗಳನ್ನು ನೋಡುತ್ತ ಕಳೆದಳು. ಬರಬರುತ್ತ ಅವಳಿಗೇ ಅನುಮಾನ ಶುರುವಾಯಿತು. ಇವು ಎರಡೇ ಇರಬಹುದು. ಹಾಗಿದ್ದರೆ ಹಾಗೆಯೇ ಬರೆಯಬೇಕು. ಆ ಮಾತನ್ನು ಒಪ್ಪಿಕೊಂಡ ದಿನ ಅವಳಿಗೆ ಎದೆ ಹಗುರಾಯಿತು. ಅಂದೇ ಪ್ರೀತಮ್‌ಗೆ ಫೋನು ಮಾಡಿದಳು.

“ನಿಮ್ಮ ಎರಡು ಫರಕ್ ಬಿದ್ದಾವು. ಮೂರನೇದು ನಿಂತೈತಿ. ನಿಮ್ಮ ಹಳ್ಳಕ್ಕ ನಾ ಬರಬಹುದೇನ್ರಿ?”

ಆ ಎರಡು ಹೇಗೆ ಬಿದ್ದವು ಎಂದು ಪ್ರೀತಮ್ ಒಂದೊಂದಾಗಿ ಕೇಳಿಕೊಂಡ. ಆಮೇಲೆ, “ಮೇಡಂ, ಮಳೆ ಶುರು ಆದ ಕೂಡಲೇ ಬನ್ನಿ. ನಾನೂ ಬರ್ತೀನಿ. ಗಲತ್ ಆಗಿದ್ರೆ ನನಗೇ ಮೊದಲು ಗೊತ್ತಾಗಬೇಕು” ಎಂದ.

ಜೂನ್ ಕೊನೆಯಲ್ಲಿ ಇಬ್ಬರೂ ಜಾಮುನ್‌ಖೋರಾಕ್ಕೆ ಹೋದರು. ತೊರೆಯ ಮೇಲೆ ಬಾಗಿದ ಒಂದು ಎಲೆಯ ಅಡಿಯಲ್ಲಿ ಜೋಡಿ ಕಪ್ಪೆಗಳು ಮೊಟ್ಟೆ ಇಡುತ್ತಿದ್ದವು. ಮೊಟ್ಟೆಗಳು ಗಾಜಿನ ಮಣಿಯಂತೆ, ಒಂದಕ್ಕೊಂದು ಅಂಟಿಕೊಂಡು. ಗಂಡಿನ ಬೆನ್ನಿನ ಮೇಲೂ ಬಿಳಿ ಗೆರೆ, ಹೆಣ್ಣಿನ ಬೆನ್ನಿನ ಮೇಲೂ ಬಿಳಿ ಗೆರೆ.

“ನೋಡ್ರಿ, ಎರಡೂ ಪಕ್ಕಾ ನಿಮ್ಮ ಕಪ್ಪಿಗೋಳ ಹೌದಲ್ಲ?” ಎಂದು ಕೇಳಿದಳು ಸುಮೇಧಾ.

“ಸೌ ಟಕ್ಕಾ, ನೂರಕ್ಕೆ ನೂರು” ಎಂದ ಪ್ರೀತಮ್. ತಾನೇ ಚಿತ್ರ ತೆಗೆದ.

“ಹಂಗಾದ್ರ ಇವುಗಳ ಮಕ್ಕಳನ್ನ ನಾ ಸಾಕ್ತೀನಿ. ಎಲ್ಲಾಕ್ಕೂ ಗೆರಿ ಬಂದ್ರ ನೀವು ಗೆದ್ದಂಗ.”

ಪರವಾನಗಿಯಂತೆ ಒಂದಿಷ್ಟು ಮೊಟ್ಟೆಗಳು ಒದ್ದೆ ಹತ್ತಿಯಲ್ಲಿ ಕೂತು ನಾಗಪುರಕ್ಕೆ ಬಂದವು. ಗಾಂಧಿಬಾಗ್ ಮಾರುಕಟ್ಟೆಯಿಂದ ತಂದ ಪ್ಲಾಸ್ಟಿಕ್ ಟಬ್ಬುಗಳು ಬಾಲ್ಕನಿ ತುಂಬಿದವು. ಅವ್ವ ಒಗೆದ ಸೀರೆಯನ್ನು ಹೆಗಲ ಮೇಲೆ ಹಾಕಿಕೊಂಡು ಬಾಗಿಲಲ್ಲಿ ನಿಂತಳು.

“ಸೀರಿ ಒಣಗ ಹಾಕಾಕ ಜಾಗಾ ಇಲ್ಲ. ಕಪ್ಪಿಗೋಳಿಗಿ ಬಾಣಂತನ ನಡಸ್ತಾಳ ಈಕಿ!”

ಮೊಟ್ಟೆ ಒಡೆದು ಗೊದಮೊಟ್ಟೆಗಳು ಬಂದಾಗ ಅವ್ವನ ದನಿ ಬದಲಾಯಿತು. ಅವು ಬಾಲದ ತುದಿಯವರೆಗೂ ಗಾಜು. ಕಣ್ಣೆರಡು ಕಪ್ಪು ಚುಕ್ಕೆ, ನಡುವೆ ಮಿಡಿಯುವ ಕೆಂಪು. ಬಗ್ಗಿ ನೋಡಿದವಳು ಬಹಳ ಹೊತ್ತು ಏಳಲಿಲ್ಲ. ಮರುದಿನದಿಂದ ಪಾಲಕ್ ಬೇಯಿಸಿ, ನುಣ್ಣಗೆ ಅರೆದು, ಚಿಟಿಕೆಯಷ್ಟು ಹಾಕುವ ಕೆಲಸ ಅವಳೇ ವಹಿಸಿಕೊಂಡಳು.

ಆದರೆ ಜುಲೈ ನಡುವೆ ಮಳೆ ಕೈಕೊಟ್ಟಿತು. ಮೋಡ ಚದುರಿ ಬಿಸಿಲು ಏರಿತು, ಬೆಟ್ಟದ ತಂಪಿನ ಜೀವಗಳಿಗೆ ನಾಗಪುರದ ಬಾಲ್ಕನಿ ಬಾಣಲೆಯಾಯಿತು. ಒಂದು ಮಧ್ಯಾಹ್ನ ಸುಮೇಧಾ ಕಾಲೇಜಿನಿಂದ ಬಂದಾಗ ಒಂದು ಟಬ್ಬಿನ ಮರಿಗಳೆಲ್ಲ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಬ್ಯಾಗನ್ನು ಅಲ್ಲೇ ನೆಲಕ್ಕೆ ಬಿಟ್ಟಳು. ಆ ಹೊತ್ತಿಗೆ ಅಳಲೂ ಪುರುಸೊತ್ತಿರಲಿಲ್ಲ. ಉಳಿದ ಟಬ್ಬುಗಳನ್ನೆಲ್ಲ ಮಲಗುವ ಕೋಣೆಗೆ ಎಳೆದು, ಕೂಲರಿನ ಲಾವಂಚದ ಪರದೆಗೆ ನೀರು ಹೊಯ್ದು, ಗಾಳಿ ಅತ್ತ ತಿರುಗಿಸಿದಳು. ಅಷ್ಟರಲ್ಲಿ ಕರೆಂಟು ಹೋಯಿತು. ಅವ್ವ ಅಡುಗೆಮನೆಗೆ ಹೋಗಿ ಕುಡಿಯುವ ನೀರಿನ ಮಣ್ಣಿನ ಗಡಿಗೆಯನ್ನು ತಂದು ಮುಂದಿಟ್ಟಳು.

“ಇದರಾಗ ಹಾಕು. ನಾವು ಫ್ರಿಜ್ಜಿಂದು ಕುಡಿಯೂಣು.”

ಅಂದೇ ಸಂಜೆ ಶಾಮ ಕೆಲಸದಿಂದ ಬರುತ್ತ ಇನ್ನಷ್ಟು ಗಡಿಗೆಗಳನ್ನು ಹೊತ್ತು ತಂದ. ಕ್ಯಾಬಿನಲ್ಲಿದ್ದ ಸಹೋದ್ಯೋಗಿಗಳು ಮದುವೆಯೋ ತಿಥಿಯೋ ಎಂದು ಕೇಳಿದರಂತೆ. ಗಂಡ ಹೆಂಡತಿ ಹಾಲ್‌ನಲ್ಲಿ ಚಾಪೆ ಹಾಕಿಕೊಂಡರು. ಗೊದಮೊಟ್ಟೆಗಳು ಕೂಲರಿನ ಗಾಳಿಗೆ ಒಡ್ಡಿದ ಗಡಿಗೆಗಳಲ್ಲಿ ಸುಖವಾಗಿ ಬೆಳೆದವು. ಮಳೆ ಮರಳಿ ಬರುವ ಹೊತ್ತಿಗೆ ಅವುಗಳಿಗೆ ಕಾಲು ಮೂಡಿತ್ತು.

ಮೊದಲ ಮರಿಕಪ್ಪೆ ಗಡಿಗೆಯ ಅಂಚಿಗೆ ಹತ್ತಿ ಕೂತಾಗ ಸುಮೇಧಾ ಬಗ್ಗಿ ನೋಡಿದಳು. ಬೆನ್ನಿನ ಮೇಲೆ ಬಿಳಿ ಗೆರೆ. ಎರಡನೆಯದಕ್ಕೂ ಗೆರೆ. ಮೂರನೆಯದಕ್ಕೂ. ಆ ವಾರ ಹೊರಬಂದವಕ್ಕೆಲ್ಲ ಒಂದನ್ನೂ ಬಿಡದೆ ಗೆರೆ.

“ಹೋತು ಬಿಡವ್ವ. ಎರಡ ಇದ್ದಾವು” ಎಂದಳು. ಮನಸ್ಸಿನಲ್ಲೇ ಗುಂಡಪ್ಪನವರಿಗೆ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಂಡಳು.

“ಇನ್ನೂ ಅರ್ಧಾ ಬಾಣಂತನ ಬಾಕಿ ಐತಿ, ಸುಮ್ಮಕಿರು” ಎಂದಳು ಅವ್ವ.

ಮರುದಿನ ಬೆಳಿಗ್ಗೆ, ಕಿಟಕಿಯಿಂದ ಮಳೆಯ ಬೆಳಕು ಬೀಳುತ್ತಿದ್ದಾಗ, ಮೂಲೆಯ ಗಡಿಗೆಯ ಕಂಠದ ಮೇಲೆ ಒಂದು ಪುಟಾಣಿ ಕೂತಿತ್ತು. ಸುಮೇಧಾ ಕನ್ನಡಕ ಹಾಕಿಕೊಂಡಳು, ತೆಗೆದು ಒರೆಸಿದಳು, ಮತ್ತೆ ಹಾಕಿಕೊಂಡಳು. ಬೆನ್ನು ಖಾಲಿ. ಗೆರೆಯ ಸುಳಿವೇ ಇಲ್ಲ. ಸೀತಾಝಿರಿಯ ಬಂಡೆಯಿಂದ ಈಗಷ್ಟೇ ಎತ್ತಿ ತಂದ ಹಾಗೆ! ಅದರ ಹಿಂದೆ ಇನ್ನೊಂದು, ಅದಕ್ಕೂ ಇಲ್ಲ.

“ಅವ್ವಾ!” ಎಂದು ಅವಳು ಕಿರುಚಿದ್ದಕ್ಕೆ ಶಾಮ ಹಲ್ಲುಜ್ಜುವ ಬ್ರಷ್ ಬಾಯಲ್ಲೇ ಇಟ್ಟುಕೊಂಡು ಓಡಿ ಬಂದ.

ದಿನ ಕಳೆದಂತೆ ಲೆಕ್ಕ ಸ್ಪಷ್ಟವಾಯಿತು: ಸುಮಾರು ನಾಲ್ಕರಲ್ಲಿ ಮೂರು ಪಾಲು ಮರಿಗಳಿಗೆ ಗೆರೆ, ಒಂದು ಪಾಲಿಗೆ ಇಲ್ಲ. ಗೆರೆಯಿದ್ದ ತಂದೆ, ಗೆರೆಯಿದ್ದ ತಾಯಿ, ಒಂದೇ ಎಲೆಯ ಮೊಟ್ಟೆಗಳು. ಒಂದೇ ಮನೆಯಲ್ಲಿ ಒಬ್ಬ ಮಗನಿಗೆ ಗುಂಗುರು ಕೂದಲು, ಇನ್ನೊಬ್ಬನಿಗೆ ನೆಟ್ಟಗಿನದು ಇದ್ದ ಹಾಗೆ. ಸೀತಾಝಿರಿಯ ಕಪ್ಪೆಗಳು ಬೇರೆ ಜಾತಿಯವಲ್ಲ, ಗೆರೆಯಿಲ್ಲದ ದಾಯಾದಿಗಳು.

ಪ್ರೀತಮ್ ಕಾಮ್ಟಿಯಿಂದ ಮೋಟರ್ ಸೈಕಲ್ ಮೇಲೆ ಮಳೆಯಲ್ಲೇ ಬಂದ. ರೇನ್‌ಕೋಟಿನಿಂದ ನೀರು ಸೋರುತ್ತಿರುವಾಗಲೇ ಮಲಗುವ ಕೋಣೆಯಲ್ಲಿ ಮಂಡಿಯೂರಿ ಕೂತು ಗಡಿಗೆಯಿಂದ ಗಡಿಗೆಗೆ ಹೋದ. ತಾನೇ ತೆಗೆದ ಜೋಡಿಯ ಚಿತ್ರ ಫೋನಿನಲ್ಲಿತ್ತು. ಅದನ್ನೂ ಮರಿಗಳನ್ನೂ ನೋಡಿದ. ಕೊನೆಗೆ ಜೋರಾಗಿ ನಗತೊಡಗಿದ.

“ಖತಮ್, ಮೇಡಂ. ನಾನಿಟ್ಟ ಹೆಸರು ಹೋಯ್ತು.”

“ಹೆಸರು ಹೋತು, ಕಪ್ಪಿ ಎಲ್ಲೂ ಹೋಗಿಲ್ಲ. ಜಾಮುನ್‌ಖೋರಾದಾಗ ಅದನ್ನ ಹುಡುಕಿದವ್ರು ನೀವ ಅಲ್ಲೇನ್ರಿ? ಇಬ್ಬರೂ ಕೂಡಿ ಬರಿಯೂಣು.”

ಅವ್ವ ಅವನ ತಲೆಗೆ ಟವೆಲ್ ಕೊಟ್ಟು, “ಮೊದಲ ತಲಿ ಒರಸ್ಕೋಪಾ, ನೆಗಡಿ ಆದೀತು. ಆಮ್ಯಾಲ ಬರಕೋರಿ” ಎಂದಳು.

ಹೈದರಾಬಾದಿನ ಪ್ರಯೋಗಾಲಯವೊಂದಕ್ಕೆ ಎರಡೂ ಕಡೆಯ ಕಪ್ಪೆಗಳ ಡಿಎನ್ಎ ಕಳಿಸಿದ್ದರು. ದೀಪಾವಳಿಗೆ ಮುಂಚೆ ಉತ್ತರ ಬಂತು: ವ್ಯತ್ಯಾಸ ಇದೆ ಅನ್ನುವಂಥದ್ದೇನೂ ಇಲ್ಲ, ಎರಡೂ ಒಂದೇ. ಒಂದೇ ಜೀವಿಗೆ ಎರಡು ಹೆಸರಿದ್ದರೆ ಮೊದಲು ಇಟ್ಟದ್ದೇ ಉಳಿಯಬೇಕು ಎಂಬುದು ಶಾಸ್ತ್ರದ ನಿಯಮ. ಗುಂಡಪ್ಪನವರ ಹೆಸರು ಉಳಿಯಿತು. ಒಣಗಿಹೋದ ಚಕ್ಕೆಯ ಜಾಗಕ್ಕೆ ಸೀತಾಝಿರಿಯ ಒಂದು ಕಪ್ಪೆ, ಈ ಸಲ ಬಿಗಿಯಾದ ಮುಚ್ಚಳದ ಬಾಟಲಿಯಲ್ಲಿ, ಸಂಗ್ರಹಾಲಯಕ್ಕೆ ಹೋಯಿತು. ಉಳಿದ ಮರಿಗಳನ್ನು ಅರಣ್ಯ ಇಲಾಖೆಯವರ ಎದುರಿಗೆ ಅವು ಬಂದ ತೊರೆಗೇ ಬಿಟ್ಟರು. ಅಂದು ಅವ್ವ ಪಾಲಕ್ಕಿನ ಡಬ್ಬಿಯನ್ನೂ ಬುತ್ತಿಯಂತೆ ಕಟ್ಟಿಕೊಟ್ಟಿದ್ದಳು. ಕಪ್ಪೆಯಾದ ಮೇಲೆ ಅವು ಹುಳ ತಿನ್ನುತ್ತವೆ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ.

ಪ್ರಬಂಧ ಅಚ್ಚಾದ ಮೇಲೆ ಸದರ್‌ನ ಕಾಲೇಜಿನ ಸಭಾಂಗಣದಲ್ಲಿ ಕಾರ್ಯಕ್ರಮ ಇಟ್ಟರು. ಕುರ್ಚಿ ಸಾಲದೆ ಹುಡುಗರು ಗೋಡೆಗೊರಗಿ ನಿಂತರು. ಮಾತಾಡಲು ಮೊದಲು ಎದ್ದವನು ಪ್ರೀತಮ್. “ನಾನು ಇಟ್ಟಿದ್ದ ಹೆಸರನ್ನ ನಾನೇ ವಾಪಸ್ ತಗೊಳ್ತಿದ್ದೀನಿ. ಇಷ್ಟು ಖುಷಿಯಿಂದ ಯಾವ ಸೋಲನ್ನೂ ಒಪ್ಪಿಲ್ಲ” ಎಂದು ಹೇಳಿ, ಮುಂದಿನ ಸಾಲಿನಲ್ಲಿದ್ದ ಗುಂಡಪ್ಪನವರ ಕಾಲು ಮುಟ್ಟಿದ. ಸಭೆ ಎದ್ದು ನಿಂತಿತು. ಚಪ್ಪಾಳೆ ಎಷ್ಟು ಹೊತ್ತಾದರೂ ನಿಲ್ಲಲಿಲ್ಲ.

ಸುಮೇಧಾಳ ಸರದಿ ಬಂದಾಗ ಚರ್ಮದ ಕಥೆ, ಕೂಗಿನ ಕಥೆ, ಗೆರೆಯ ಕಥೆ ಮೂರನ್ನೂ ಮರಾಠಿಯಲ್ಲಿ ಹೇಳಿದಳು. ಹಿಂದಿನ ಸಾಲಿನಲ್ಲಿ ಈ ಸಲವೂ ಯಾರೋ ಎದ್ದರು. ಅವಳು ಸೆರಗು ಸಿಕ್ಕಿಸಿಕೊಂಡು ಸಜ್ಜಾದಳು. ಅವರು ಕೇಳಿದ್ದು, ಮುಂದಿನ ಮಳೆಗಾಲಕ್ಕೆ ನಮ್ಮನ್ನೂ ಕರೆದುಕೊಂಡು ಹೋಗುತ್ತೀರಾ ಎಂದಷ್ಟೇ. “ಖಂಡಿತ. ಜಿಗಣೆಗೆ ಹೆದರಬಾರದು” ಎಂದಳು. ಸಭೆಯೆಲ್ಲ ನಕ್ಕಿತು, ಅವಳೂ ನಕ್ಕಳು.

ಹೊರಗೆ ಬಂದಾಗ ಗುಂಡಪ್ಪನವರು ಅವಳ ತೋಳು ಹಿಡಿದು ನಿಂತರು. ಕಣ್ಣು ತುಂಬಿತ್ತು.

“ಎರಡು ಅಂತ ಬಂದಿದ್ರೆ ನಿಜವಾಗ್ಲೂ ಬಂದು ಹೇಳ್ತಿದ್ದೆಯಾ?”

“ಹೇಳ್ತಿದ್ನ್ರಿ ಸರ. ಮಾತು ಸುದ್ಧಾ ಜೋಡಿಸಿಟ್ಟಿದ್ದೆ.”

“ಭೇಷ್. ಅದಕ್ಕೇ ಇವತ್ತು ಒಂದೇ ಅಂದಾಗ ನಂಬಿದೆ” ಎಂದರು ಮುದುಕರು. ಆಮೇಲೆ ಕೋಲಿನಿಂದ ರಸ್ತೆಯಾಚೆಯ ಗಾಡಿಯನ್ನು ತೋರಿಸಿ, “ಡಾಕ್ಟ್ರು ಖಾರ ಬೇಡ ಅಂದಿದ್ದಾರೆ. ಇವತ್ತು ಕೇಳಲ್ಲ. ನಡಿ, ತರ್ರಿ ಪೋಹಾ ತಿನ್ನೋಣ” ಎಂದರು.

ಶಾಮ ಆಗಲೇ ಗಾಡಿಯವನ ಮುಂದೆ ನಿಂತು ಎಲ್ಲರಿಗೂ ಒಂದೊಂದು ಪ್ಲೇಟು ಹೇಳುತ್ತಿದ್ದ. ಪ್ರೀತಮ್ ಅವ್ವನಿಗೊಂದು ಸ್ಟೂಲ್ ಹುಡುಕಿ ತಂದ. ಮೇಷ್ಟ್ರ ತಟ್ಟೆಯ ಅವಲಕ್ಕಿಯ ಮೇಲೆ ತರ್ರಿ, ಖಾರದ ಕೆಂಪು ಸಾರು, ಬಿತ್ತು. ಅವರು ಇನ್ನೂ ಸ್ವಲ್ಪ ಎಂದು ತಟ್ಟೆ ಮುಂದೆ ಚಾಚಿದರು.